ಲೈವ್‌ಜರ್ನಲ್‌ನಿಂದ ನಮ್ಮ ಗುಂಪನ್ನು ಕಾಮೆಂಟುಗಳ ಸಮೇತ ಸಾಗಿಸಿದ್ದು: ನನ್ನ ಅನುಭವ

ಲೈವ್‌ಜರ್ನಲ್ ಅಂದರೆ ಜನ ಜರ್ನಲ್ (ಬ್ಲಾಗ್) ಬರೆಯುವ, ಗುಂಪು ಕಟ್ಟಿಕೊಳ್ಳುವ ತಾಣ, 2017ರ ಹೊತ್ತಿಗೆ ರಷ್ಯಾದ ಕಂಪನಿಯೊಂದರ ಕೈಯಲ್ಲಿತ್ತು. ಆ ವರ್ಷದ ಏಪ್ರಿಲ್ 4ರಂದು ಅದು ತನ್ನ ಬಳಕೆದಾರರ ಮುಂದೆ ಹೊಸ ಒಪ್ಪಂದ ಇಟ್ಟಿತು. ಒಪ್ಪಿಗೆ ಒತ್ತದೆ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ಇಂಗ್ಲಿಷ್‌ನಲ್ಲೂ ಒಂದು ಪ್ರತಿ ಇತ್ತು, ಆದರೆ ಕಾನೂನಿಗೆ ಲೆಕ್ಕವಾಗುವುದು ರಷ್ಯನ್ ಪ್ರತಿ ಮಾತ್ರ ಅಂತ ಅದರಲ್ಲೇ ಬರೆದಿದ್ದರು. ಅಲ್ಲಿ ಬರೆಯುವವರು ರಷ್ಯಾದ ಕಾನೂನು ಪಾಲಿಸಬೇಕು ಅನ್ನುವುದು ಸಾರಾಂಶ. ರಷ್ಯಾದಲ್ಲಿ 2013ರಲ್ಲಿ ಒಂದು ಕಾನೂನು ಬಂದಿತ್ತು. ಸಲಿಂಗ ಪ್ರೀತಿಯನ್ನು ಸಹಜವೆಂದು ತೋರಿಸುವ ಬರಹ ಮಕ್ಕಳಿಗೆ ಸಿಗುವಂತಿದ್ದರೆ ದಂಡ ಹಾಕಬಹುದು ಅನ್ನುವ ಕಾನೂನು ಅದು. ನಮ್ಮ ಗುಂಪಿನ ಬಹುಪಾಲು ಕಥೆಗಳು ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಪ್ರೀತಿಯವು. ಅಂದಮೇಲೆ ಇದು ಎಲ್ಲೋ ದೂರದ ದೇಶದ ವಿಷಯ ಅಂತ ಬಿಡುವ ಹಾಗಿರಲಿಲ್ಲ.

ನಮ್ಮದು ಒಂದು ಹಳೆಯ ಸೈ-ಫೈ ಟೀವಿ ಸರಣಿಯ ಅಭಿಮಾನಿಗಳ ಕಮ್ಯುನಿಟಿ. ಫ್ಯಾನ್‌ಫಿಕ್ (ಸರಣಿಯ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಕಟ್ಟುವ ಕಥೆ) ಬರೆಯುವುದು, ಒಬ್ಬರದ್ದನ್ನು ಇನ್ನೊಬ್ಬರು ಓದುವುದು, ಜಗಳ ಆಡುವುದು, ಮತ್ತೆ ಬರೆಯುವುದು. ನಾನು ಬೆಂಗಳೂರಿನಲ್ಲಿ ಕೂತು ಅದರ ಮೂವರು ಮಾಡ್‌ಗಳಲ್ಲಿ, ಅಂದರೆ ಗುಂಪು ನೋಡಿಕೊಳ್ಳುವವರಲ್ಲಿ, ಒಬ್ಬಳಾಗಿದ್ದೆ. ಉಳಿದ ಇಬ್ಬರು ಬ್ರಿಟನ್ ಮತ್ತು ಫಿಲಿಪೈನ್ಸ್‌ನವರು. ಗುಂಪನ್ನು ಹೇಗೆ ಸಾಗಿಸಿದೆವು ಅಂತ ಕನ್ನಡದಲ್ಲಿ ಬರೆಯಲು ಒಂದು ಕಾರಣ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಅದು ಗೊತ್ತಿಲ್ಲದಿದ್ದರೆ ನಾವು ಅಷ್ಟು ಬೇಗ ಯಾಕೆ ಹೊರಟೆವು ಅನ್ನುವುದು ಅರ್ಥ ಆಗುವುದಿಲ್ಲ.

ಲೈವ್‌ಜರ್ನಲ್ ಅನ್ನು 1999ರಲ್ಲಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ ಶುರು ಮಾಡಿದರು. 2005ರಲ್ಲಿ ಅದು ಸಿಕ್ಸ್ ಅಪಾರ್ಟ್ ಅನ್ನುವ ಕಂಪನಿಯ ಕೈಗೆ ಹೋಯಿತು. 2007ರ ಮೇ ತಿಂಗಳ ಕೊನೆಯಲ್ಲಿ, ಮಕ್ಕಳ ರಕ್ಷಣೆಯ ಹೆಸರು ಹೇಳಿಕೊಂಡ ಒಂದು ಹೊರಗಿನ ಗುಂಪು ದೂರು ಕೊಟ್ಟಿತು ಅಂತ, ಕಂಪನಿ ಸುಮಾರು 500 ಜರ್ನಲ್ ಮತ್ತು ಕಮ್ಯುನಿಟಿಗಳನ್ನು ಒಂದೇ ಏಟಿಗೆ ಮುಚ್ಚಿತು. ಪ್ರೊಫೈಲ್‌ನಲ್ಲಿ ಆಸಕ್ತಿಗಳ ಪಟ್ಟಿ ಇರುತ್ತಿತ್ತಲ್ವಾ, ಆ ಪಟ್ಟಿಯಲ್ಲಿ ಯಾವ ಪದ ಇದೆ ಅಂತ ನೋಡಿ ಮುಚ್ಚಿದ್ದು. ಒಳಗೆ ಏನು ಬರೆದಿದ್ದಾರೆ ಅಂತ ಓದಲಿಲ್ಲ. ಹಾಗಾಗಿ ದೌರ್ಜನ್ಯಕ್ಕೆ ಒಳಗಾಗಿ ಬದುಕಿ ಬಂದವರು ಪರಸ್ಪರ ಧೈರ್ಯ ಹೇಳಿಕೊಳ್ಳುತ್ತಿದ್ದ ಗುಂಪುಗಳೂ ಹೋದವು. ಲೋಲಿಟಾ ಕಾದಂಬರಿಯನ್ನು ಸ್ಪ್ಯಾನಿಷ್‌ನಲ್ಲಿ ಚರ್ಚಿಸುತ್ತಿದ್ದ ಗುಂಪೂ ಹೋಯಿತು. ಹ್ಯಾರಿ ಪಾಟರ್ ಅಭಿಮಾನಿಗಳ ಕಥೆಗಳ ಗುಂಪೂ ಹೋಯಿತು. ಮುಚ್ಚಿದ ಖಾತೆಯ ಹೆಸರಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು, ಅದಕ್ಕೇ ಆ ಘಟನೆಗೆ ಎಲ್ಲರೂ ಸ್ಟ್ರೈಕ್‌ಥ್ರೂ ಅಂತ ಹೆಸರಿಟ್ಟರು. ಆಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಗೆಳೆಯರ ಪಟ್ಟಿ ತೆರೆದರೆ ಗೆರೆ ಎಳೆದ ಹೆಸರುಗಳು.

ಒಂದೆರಡು ದಿನದಲ್ಲೇ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಎಷ್ಟೋ ಖಾತೆಗಳು ವಾಪಸ್ ಬಂದವು. ಆದರೆ ಆಗಸ್ಟ್‌ನಲ್ಲಿ ಇಬ್ಬರು ಚಿತ್ರ ಬರೆಯುವವರ ಖಾತೆಗಳನ್ನು ಪೂರ್ತಿ ಮುಚ್ಚಿದರು, ಈ ಸಲ ಹೆಸರುಗಳು ದಪ್ಪ ಅಕ್ಷರದಲ್ಲಿ ಕಾಣುತ್ತಿದ್ದವು, ಅದು ಬೋಲ್ಡ್‌ಥ್ರೂ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೈವ್‌ಜರ್ನಲ್ ರಷ್ಯಾದ ಸುಪ್ ಕಂಪನಿಗೆ ಮಾರಾಟವಾಯಿತು.

ಇದರಿಂದ ಎರಡು ಒಳ್ಳೆಯ ಕೆಲಸ ಆದವು. ಅಭಿಮಾನಿಗಳೇ ಸೇರಿ 2007ರಲ್ಲಿ ಆರ್ಗನೈಜೇಶನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಅನ್ನುವ ಲಾಭವಿಲ್ಲದ ಸಂಸ್ಥೆ ಕಟ್ಟಿದರು. ಅದರ ಯೋಚನೆ ಸ್ಟ್ರೈಕ್‌ಥ್ರೂಗೆ ಕೆಲವು ದಿನ ಮುಂಚೆಯೇ ಶುರುವಾಗಿತ್ತು, ಆದರೆ ಅದಕ್ಕೆ ಜನಬಲ ಬಂದಿದ್ದು ಆ ಗೆರೆಗಳನ್ನು ನೋಡಿದ ಮೇಲೆ. ಅವರ ಕಥೆಗಳ ಭಂಡಾರ, ಎಓ3 ಅಂತ ಎಲ್ಲರೂ ಕರೆಯುವ ತಾಣ, 2009ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಸರ್ವರ್ ಸಂಸ್ಥೆಯದ್ದೇ, ಜಾಹೀರಾತು ಇಲ್ಲ, ಖರ್ಚು ದೇಣಿಗೆಯಿಂದ, ಕೆಲಸ ಸ್ವಯಂಸೇವಕರಿಂದ. ಇನ್ನೊಂದು ಡ್ರೀಮ್‌ವಿಡ್ತ್, ಲೈವ್‌ಜರ್ನಲ್ ಥರದ್ದೇ ತಾಣ. ಲೈವ್‌ಜರ್ನಲ್‌ನಲ್ಲೇ ಕೆಲಸ ಮಾಡಿದ್ದ ಡೆನಿಸ್ ಪಾವೊಲುಚ್ಚಿ ಮತ್ತು ಮಾರ್ಕ್ ಸ್ಮಿತ್ ಸೇರಿ, ಲೈವ್‌ಜರ್ನಲ್‌ನ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಬಹುದಾದ) ಕೋಡನ್ನೇ ತೆಗೆದುಕೊಂಡು, 2009ರ ಏಪ್ರಿಲ್ 30ರಂದು ಅದನ್ನು ಸಾರ್ವಜನಿಕರಿಗೆ ತೆರೆದರು. ಅಲ್ಲೂ ಜಾಹೀರಾತು ಇಲ್ಲ. ದುಡ್ಡು ಕೊಡುವ ಸದಸ್ಯರಿಂದಲೇ ನಡೆಯುತ್ತದೆ.

ಆಗ ಎಷ್ಟೋ ಗುಂಪುಗಳು ಲೈವ್‌ಜರ್ನಲ್ ಬಿಟ್ಟು ಹೋದವು. ನಮ್ಮದು ಹೋಗಲಿಲ್ಲ. ನಮ್ಮ ಗುಂಪಿಗೆ ಏನೂ ಆಗಿರಲಿಲ್ಲ, ಜನ ಅಲ್ಲೇ ಇದ್ದರು, ಓದುಗರು ಇರುವ ಕಡೆ ಬರೆಯುವವರು ಇರುತ್ತಾರೆ. ಏಳೆಂಟು ವರ್ಷ ಹಾಗೇ ನಡೆಯಿತು. 2016ರ ಕೊನೆಗೆ ಲೈವ್‌ಜರ್ನಲ್‌ನ ಸರ್ವರ್‌ಗಳು ರಷ್ಯಾಕ್ಕೆ ಹೋದ ಸುದ್ದಿ ಬಂತು, ಆಮೇಲೆ ಈ ಒಪ್ಪಂದ.

ಹೋಗಬೇಕು ಅನ್ನುವುದರಲ್ಲಿ ಮೂವರಿಗೂ ಅನುಮಾನ ಇರಲಿಲ್ಲ. ಎಲ್ಲಿಗೆ, ಹೇಗೆ, ಏನನ್ನು ಒಯ್ಯಬೇಕು ಅನ್ನುವುದೇ ಪ್ರಶ್ನೆ. ಕಥೆಗಳನ್ನು ಒಯ್ದರೆ ಸಾಕು ಅಂತ ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಗುಂಪು ಇದ್ದಿದ್ದೇ ಕಾಮೆಂಟುಗಳಲ್ಲಿ. ಪ್ರಾಂಪ್ಟ್ ಪೋಸ್ಟ್ ಅಂತ ಹಾಕುತ್ತಿದ್ದೆವು. ಒಬ್ಬರು ಕಾಮೆಂಟಿನಲ್ಲಿ 'ಹೀಗಾಗಿದ್ದರೆ?' ಅಂತ ಒಂದು ಎಳೆ ಕೊಡುತ್ತಿದ್ದರು, ಇನ್ನೊಬ್ಬರು ಅದರ ಕೆಳಗೆ ಕಥೆ ಬರೆಯುತ್ತಿದ್ದರು. ಲೈವ್‌ಜರ್ನಲ್‌ನಲ್ಲಿ ಒಂದು ಕಾಮೆಂಟಿಗೆ 4300 ಅಕ್ಷರ ಅಷ್ಟೇ. ಹಾಗಾಗಿ ಒಂದು ಕಥೆ ಹತ್ತಾರು ತುಂಡಾಗಿ ಇಳಿಯುತ್ತಿತ್ತು, ನಡುನಡುವೆ ಓದುಗರು ಕೂಗಾಡುತ್ತಿದ್ದರು, ಆ ಕೂಗಾಟ ನೋಡಿ ಬರೆಯುವವರು ಕಥೆಯ ದಾರಿಯನ್ನೇ ಬದಲಿಸಿದ್ದೂ ಇದೆ. ಪೋಸ್ಟ್ ಮಾತ್ರ ಒಯ್ದಿದ್ದರೆ ಖಾಲಿ ಚೌಕಟ್ಟು ಸಿಗುತ್ತಿತ್ತು.

ಅದಕ್ಕೇ ಡ್ರೀಮ್‌ವಿಡ್ತ್ ಆರಿಸಿಕೊಂಡೆವು. ಅದೇ ಕೋಡ್‌ನ ಮೇಲೆ ನಿಂತಿದ್ದರಿಂದ ಅಲ್ಲಿನ ಇಂಪೋರ್ಟರ್ (ಬೇರೆ ತಾಣದಿಂದ ಬರಹ ತಂದುಕೊಳ್ಳುವ ಸಾಧನ) ಪೋಸ್ಟು, ಟ್ಯಾಗು, ಕಾಮೆಂಟು, ಕಾಮೆಂಟಿನ ಕೆಳಗಿನ ಕಾಮೆಂಟು, ಎಲ್ಲವನ್ನೂ ಹಳೆಯ ದಿನಾಂಕದ ಸಮೇತ ತರುತ್ತದೆ. ಕಮ್ಯುನಿಟಿಯನ್ನೂ ತರುತ್ತದೆ, ಎರಡೂ ಕಡೆ ನೀವು ಅದರ ನಿರ್ವಾಹಕರಾಗಿರಬೇಕು ಅಷ್ಟೇ.

ತಾಂತ್ರಿಕವಾಗಿ ಇದು ಸುಲಭ. ಕಷ್ಟ ಇದ್ದಿದ್ದು ಬೇರೆ ಕಡೆ.

ಆ ಕಾಮೆಂಟು ನನ್ನದಲ್ಲ. ಆ ಕಥೆಯೂ ನನ್ನದಲ್ಲ. ಮಾಡ್ ಅಂದ ಮಾತ್ರಕ್ಕೆ ನೂರಾರು ಜನರ ಬರಹವನ್ನು ಅವರನ್ನು ಕೇಳದೆ ಇನ್ನೊಂದು ತಾಣಕ್ಕೆ ಹೊತ್ತುಕೊಂಡು ಹೋಗುವ ಹಕ್ಕು ನನಗಿದೆಯಾ? ಕಂಪನಿ ನಮ್ಮನ್ನು ಕೇಳದೆ ನಿಯಮ ಬದಲಿಸಿತು ಅಂತ ಸಿಟ್ಟಾಗಿ ಹೊರಟವರು ನಾವು. ನಾವೂ ನಮ್ಮ ಸದಸ್ಯರನ್ನು ಕೇಳದೆ ಅದನ್ನೇ ಮಾಡಿದರೆ ಹೇಗೆ? 2009ರಲ್ಲೇ ಈ ಜಗಳ ನಡೆದಿತ್ತು. ನಿನ್ನ ಜರ್ನಲ್ ನೀನು ಒಯ್ಯಿ, ಅದರ ಕೆಳಗೆ ನಾನು ಬರೆದಿದ್ದನ್ನು ಯಾಕೆ ಒಯ್ಯುತ್ತೀಯಾ ಅಂತ ಆಗ ಎಷ್ಟೋ ಜನ ಕೇಳಿದ್ದರು. ನ್ಯಾಯವಾದ ಪ್ರಶ್ನೆ.

ನಾವು ಮಾಡಿದ್ದು ಇದು. ಮೊದಲು ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿದೆವು. ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ, ಏನೇನು ಬರುತ್ತದೆ, ನಿಮ್ಮದು ಬೇಡ ಅಂದರೆ ಹೇಗೆ ಹೇಳಬೇಕು. ಆಮೇಲೆ ಕಥೆ ಬರೆದವರಿಗೆಲ್ಲ ಒಬ್ಬೊಬ್ಬರಿಗೇ ಸಂದೇಶ ಕಳಿಸಿದೆವು. ಎಷ್ಟೋ ಜನ ವರ್ಷಗಟ್ಟಲೆ ಒಳಗೆ ಬಂದಿರಲಿಲ್ಲ. ಅಂಥವರ ಟ್ವಿಟರ್, ಟಂಬ್ಲರ್, ಎಓ3 ಖಾತೆ ಹುಡುಕಿ ಅಲ್ಲಿ ಕೇಳಿದೆವು. ಇಡೀ ಸಾಗಾಟದಲ್ಲಿ ಹೆಚ್ಚು ಸಮಯ ತಿಂದಿದ್ದು ಇದೇ, ಮತ್ತೆ ಮಾಡಬೇಕಾದರೂ ಹೀಗೇ ಮಾಡುತ್ತೇನೆ.

ಉತ್ತರಗಳು ಥರಾವರಿ. ಜಾಸ್ತಿ ಜನ ಸಂತೋಷದಿಂದ ಹೂಂ ಅಂದರು. ಕೆಲವರು, ಕಥೆ ಇರಲಿ, ಹೆಸರು ತೆಗೆಯಿರಿ ಅಂದರು. ಒಬ್ಬರು ಟೀಚರ್ ಆಗಿದ್ದರು, ಎಲ್ಲವನ್ನೂ ಅಳಿಸಿಬಿಡಿ ಅಂದರು, ಅಳಿಸಿದೆವು. ನಮ್ಮ ಗುಂಪಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರೇ ಕನ್ನಡದವರು, ಹಾಸನದ ಕಡೆಯ ಅಕ್ಕ, ನ್ಯೂಜೆರ್ಸಿಯಲ್ಲಿದ್ದರು. ಸಂದೇಶ ನೋಡಿ ಫೋನ್ ಮಾಡಿದರು. "ಅಲ್ಲಮ್ಮಾ, ಆಗ ಸುಮ್ನೆ ಬರ್ಕೊಂಡಿದ್ದು. ಈಗ ಗೂಗಲ್‌ನಲ್ಲಿ ಹುಡುಕಿದ್ರೆ ನಮ್ಮ ಮನೆಯವರಿಗೆ ಸಿಗಲ್ಲ ತಾನೆ?" ಅಂದರು. "ಸದಸ್ಯರಿಗೆ ಮಾತ್ರ ಕಾಣೋ ಹಾಗೆ ಲಾಕ್ ಮಾಡಿಡ್ತೀನಿ ಅಕ್ಕಾ, ಹುಡುಕಿದ್ರೂ ಹೊರಗಿನವರಿಗೆ ಸಿಗಲ್ಲ" ಅಂದೆ. "ಹಾಗಿದ್ರೆ ತಗೊಂಡು ಹೋಗು, ಅದರ ಕೆಳಗೆ ಆ ಬ್ರೆಜಿಲ್ ಹುಡುಗಿ ಬರೆದಿದ್ದು ಬಿಡಬೇಡ ನೋಡು" ಅಂದರು. ಅವರಿಗೆ ತಮ್ಮ ಕಥೆಗಿಂತ ಅದರ ಕೆಳಗಿನ ಮಾತುಕತೆ ಮುಖ್ಯವಾಗಿತ್ತು.

ಉತ್ತರವೇ ಕೊಡದವರದ್ದು ಏನು ಮಾಡುವುದು? ಇದರ ಮೇಲೆ ನಾವು ಮೂವರೂ ಸರಿಯಾಗಿ ವಾದ ಮಾಡಿದೆವು. ಒಬ್ಬಳು, ತರುವುದೇ ಬೇಡ ಅಂದಳು. ಇನ್ನೊಬ್ಬಳು, ಬಿಟ್ಟು ಬಂದರೆ ನಾಳೆ ಆ ತಾಣ ಹೋದರೆ ಅದೂ ಹೋಯಿತು ಅಂದಳು. ಕೊನೆಗೆ ತಂದೆವು, ಆದರೆ ಲಾಕ್ ಮಾಡಿ ಇಟ್ಟೆವು. ಬರೆದವರು ಯಾವತ್ತು ಬಂದು ಕೇಳಿದರೂ ತೆರೆಯುತ್ತೇವೆ ಅಥವಾ ಅಳಿಸುತ್ತೇವೆ. ಈ ತೀರ್ಮಾನ ನೂರಕ್ಕೆ ನೂರು ಸರಿ ಅಂತ ಎಲ್ಲರೂ ಒಪ್ಪಲಿಕ್ಕಿಲ್ಲ. ನನಗೆ ಈಗಲೂ ಇದೇ ಸರಿ ಅನ್ನಿಸುತ್ತದೆ.

ಇಲ್ಲಿ ಡ್ರೀಮ್‌ವಿಡ್ತ್‌ನ ಒಂದು ವ್ಯವಸ್ಥೆ ತುಂಬಾ ನೆರವಾಯಿತು. ಹಳೆಯ ಕಾಮೆಂಟುಗಳು ಬರೆದವರ ಲೈವ್‌ಜರ್ನಲ್ ಹೆಸರಿನಲ್ಲೇ, ಓಪನ್‌ಐಡಿ (ಒಂದು ತಾಣದ ಖಾತೆಯನ್ನೇ ಇನ್ನೊಂದು ತಾಣದಲ್ಲಿ ಗುರುತಾಗಿ ತೋರಿಸುವ ವ್ಯವಸ್ಥೆ) ಗುರುತಾಗಿ ಬಂದು ಕೂರುತ್ತವೆ. ಆ ವ್ಯಕ್ತಿ ಡ್ರೀಮ್‌ವಿಡ್ತ್‌ಗೆ ಬಂದು, ಆ ಹಳೆಯ ಹೆಸರು ನನ್ನದೇ ಅಂತ ಸಾಬೀತು ಮಾಡಿದರೆ ಅವೆಲ್ಲ ಅವರ ಹೊಸ ಖಾತೆಯ ಹೆಸರಿಗೆ ಸೇರುತ್ತವೆ. ಅಂದರೆ ಮಾತು ಯಾರದ್ದೋ ಅವರ ಕೈಗೇ ವಾಪಸ್. ಸಾಗಾಟದ ಪ್ರಕಟಣೆಯಲ್ಲಿ ಇದನ್ನು ಚಿತ್ರ ಹಾಕಿ, ಹಂತಹಂತವಾಗಿ ವಿವರಿಸಿದೆವು. ಓಪನ್‌ಐಡಿ ಅಂದರೇನು ಅಂತ ಮಾಮೂಲಿ ಓದುಗರಿಗೆ ಎಲ್ಲಿ ಗೊತ್ತಿರುತ್ತದೆ.

ಇಂಪೋರ್ಟ್ ಮಾಡುವ ಮುಂಚೆ ಎರಡು ಕೆಲಸ ಮಾಡಿ. ಒಂದು, ನಿಮ್ಮದೇ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇಳಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಎರಡು ಕಡೆ ಇದ್ದರೂ ಕೈಯಲ್ಲಿ ಒಂದು ಇರಬೇಕು. ಎರಡು, ಪಾಸ್‌ವರ್ಡ್ ಬದಲಿಸಿ. ಇಂಪೋರ್ಟರ್‌ಗೆ ಲೈವ್‌ಜರ್ನಲ್ ಪಾಸ್‌ವರ್ಡ್ ಕೊಡಬೇಕಾಗುತ್ತದೆ, ಕೆಲಸ ಮುಗಿದ ತಕ್ಷಣ ಅದನ್ನು ಮತ್ತೆ ಬದಲಿಸಿ. ಹೊಸ ತಾಣದಲ್ಲಿ ಹಳೆಯ ಪಾಸ್‌ವರ್ಡ್ ಬೇಡವೇ ಬೇಡ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ: 2020ರ ಮೇ ತಿಂಗಳಲ್ಲಿ ಸುಮಾರು 2.6 ಕೋಟಿ ಲೈವ್‌ಜರ್ನಲ್ ಖಾತೆಗಳ ಹಳೆಯ ಪಾಸ್‌ವರ್ಡುಗಳು ಬಯಲಿಗೆ ಬಂದವು, ಅವನ್ನೇ ಇಟ್ಟುಕೊಂಡು ಕಳ್ಳರು ಡ್ರೀಮ್‌ವಿಡ್ತ್ ಖಾತೆಗಳಿಗೂ ಕೈ ಹಾಕಿದರು.

2017ರ ಏಪ್ರಿಲ್‌ನಲ್ಲಿ ಎಲ್ಲರೂ ಒಟ್ಟಿಗೇ ಹೊರಟಿದ್ದರಿಂದ ಇಂಪೋರ್ಟ್‌ಗೆ ಉದ್ದ ಸರತಿ ಇತ್ತು. ಬಟನ್ ಒತ್ತಿ ಕಾಯುವುದು. ಆ ಸಮಯದಲ್ಲಿ ನಾವು ಹೊಸ ಕಮ್ಯುನಿಟಿಯ ನಿಯಮ ಬರೆದೆವು. ಯಾವ ಕಥೆಗೆ ಯಾವ ಎಚ್ಚರಿಕೆ ಹಾಕಬೇಕು, ದೂರು ಬಂದರೆ ಯಾರು ನೋಡುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಕೊಡುತ್ತೇವೆ, ಪೋಸ್ಟ್ ತೆಗೆಯುವ ಮುಂಚೆ ಬರೆದವರಿಗೆ ಹೇಳುತ್ತೇವೆ. ಕೊನೆಯದು ನನಗೆ ಬಹಳ ಮುಖ್ಯ. ಸ್ಟ್ರೈಕ್‌ಥ್ರೂನಲ್ಲಿ ಜನರಿಗೆ ಹೆಚ್ಚು ನೋವಾಗಿದ್ದು ಮೊದಲು ಒಂದು ಮಾತೂ ಹೇಳದೆ ಮುಚ್ಚಿದ್ದಕ್ಕೆ. ಮಕ್ಕಳಿಗೆ ಅಪಾಯ ಆಗುವಂಥದ್ದು ಇದ್ದರೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪದದ ಪಟ್ಟಿ ಇಟ್ಟುಕೊಂಡು ತೆಗೆದರೆ ನೊಂದವರೇ ಮೊದಲು ಬಲಿಯಾಗುತ್ತಾರೆ. ನೊಂದವರೇ ತಾನೆ ಆ ಪದಗಳನ್ನು ಬಳಸಿ ಮಾತಾಡಬೇಕಾಗಿರುವುದು.

ಚಿತ್ರಗಳ ವಿಷಯ. ಇಂಪೋರ್ಟರ್ ಚಿತ್ರ ತರುವುದಿಲ್ಲ, ಚಿತ್ರದ ಕೊಂಡಿ ಮಾತ್ರ ತರುತ್ತದೆ. ನಮ್ಮ ಚಿತ್ರಗಳೆಲ್ಲ ಇದ್ದಿದ್ದು ಬೇರೆ ಒಂದು ಫೋಟೋ ತಾಣದಲ್ಲಿ, ಅದು ಆಮೇಲೆ ಹಳೆಯ ಕೊಂಡಿಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ನಾವು ಬಹುಪಾಲು ಇಳಿಸಿಕೊಂಡಿದ್ದೆವು. ನೀವೂ ಇಳಿಸಿಕೊಳ್ಳಿ, ಕೊಂಡಿಯನ್ನು ನಂಬಬೇಡಿ.

ಮಾಸ್ಟರ್‌ಲಿಸ್ಟ್, ಅಂದರೆ ಎಲ್ಲಾ ಕಥೆಗಳ ಸೂಚಿ, ಅದನ್ನೂ ಕೈಯಿಂದಲೇ ಮಾಡಬೇಕು. ಹಳೆಯ ಸೂಚಿಯ ಕೊಂಡಿಗಳೆಲ್ಲ ಹಳೆಯ ತಾಣಕ್ಕೇ ಹೋಗುತ್ತವೆ. ಸದಸ್ಯರು ಒಬ್ಬೊಬ್ಬರು ಒಂದೊಂದು ವರ್ಷ ಹಂಚಿಕೊಂಡು ಸರಿ ಮಾಡಿದರು. ಈ ಕೆಲಸಕ್ಕೆ ಬಂದವರಲ್ಲಿ ಒಂದು ಕಥೆಯನ್ನೂ ಬರೆಯದ, ಬರೀ ಓದುವವರೇ ಜಾಸ್ತಿ ಇದ್ದರು. ಅವರಿಗೆ ಗುಂಪು ಎಷ್ಟು ಬೇಕಾಗಿತ್ತು ಅಂತ ನನಗೆ ಆಗಲೇ ಗೊತ್ತಾಗಿದ್ದು.

ದೊಡ್ಡ ಕಥೆಗಳನ್ನು ಬರೆದವರೇ ಎಓ3ಗೆ ಹಾಕಿಕೊಂಡರು. ಅಲ್ಲಿ ಕೊಂಡಿ ಕೊಟ್ಟರೆ ಲೈವ್‌ಜರ್ನಲ್ ಪುಟದಿಂದ ಕಥೆಯನ್ನು ತಾನೇ ಎತ್ತಿಕೊಳ್ಳುವ ಸೌಲಭ್ಯ ಇದೆ. ನಾವು ಗುಂಪಿನ ಹೆಸರಲ್ಲಿ ಒಂದು ಕಲೆಕ್ಷನ್ ತೆರೆದೆವು, ಅದರಲ್ಲಿ ಅವರವರೇ ಸೇರಿಸಿದರು. ಹೆಸರು ಬೇಡ ಅಂದವರಿಗೆ ಅಲ್ಲಿ ಆರ್ಫನ್ ಮಾಡುವ ದಾರಿ ಇದೆ: ಕಥೆ ಉಳಿಯುತ್ತದೆ, ಬರೆದವರ ಹೆಸರಿನ ನಂಟು ಕಳಚುತ್ತದೆ. ಕಥೆ ಓದುವವರಿಗೂ ನಷ್ಟವಿಲ್ಲ, ಬರೆದವರಿಗೂ ಭಯವಿಲ್ಲ. ಎಓ3ಯ ನಿಯಮಗಳನ್ನು ಓದಿದರೆ ಸ್ಟ್ರೈಕ್‌ಥ್ರೂ ನೋಡಿದವರೇ ಬರೆದಿದ್ದು ಅಂತ ಗೊತ್ತಾಗುತ್ತದೆ. ಕಥೆಗೆ ರೇಟಿಂಗ್ ಹಾಕಿ, ಎಚ್ಚರಿಕೆ ಹಾಕಿ, ಓದುವುದು ಬಿಡುವುದು ಓದುಗರಿಗೆ ಬಿಟ್ಟಿದ್ದು. ಯಾರಿಗೋ ಇಷ್ಟವಾಗಲಿಲ್ಲ ಅಂತ ಅಲ್ಲಿ ಕಥೆ ತೆಗೆಯುವುದಿಲ್ಲ. 2019ರಲ್ಲಿ ಎಓ3ಗೆ ಸೈ-ಫೈ ಸಾಹಿತ್ಯದ ಹ್ಯೂಗೋ ಪ್ರಶಸ್ತಿ ಬಂದಾಗ ನಮ್ಮ ಗುಂಪಿನಲ್ಲಿ ಹಬ್ಬವೋ ಹಬ್ಬ.

ಹಳೆಯ ಮನೆಯನ್ನು ಕೆಡವಲಿಲ್ಲ. ಕಮ್ಯುನಿಟಿಯಲ್ಲಿ ಹೊಸ ಪೋಸ್ಟ್ ನಿಲ್ಲಿಸಿ, ಎಲ್ಲಕ್ಕಿಂತ ಮೇಲೆ ಹೊಸ ವಿಳಾಸದ ಪೋಸ್ಟ್ ಅಂಟಿಸಿ ಬಂದೆವು. ವರ್ಷಗಳ ನಂತರ ಆ ಬೋರ್ಡ್ ನೋಡಿಕೊಂಡು ಬಂದವರಿದ್ದಾರೆ. ಕೆಲವು ಗುಂಪುಗಳು ಸಿಟ್ಟಿನಲ್ಲಿ ಎಲ್ಲಾ ಅಳಿಸಿ ಹೊರಟವು. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ, ಆದರೆ ಅವರನ್ನು ಹುಡುಕಿಕೊಂಡು ಬಂದವರಿಗೆ ದಾರಿ ತಪ್ಪಿತು.

2018ರಲ್ಲಿ ಟಂಬ್ಲರ್ ಅನ್ನುವ ಬ್ಲಾಗ್ ತಾಣದ ಸರದಿ. ನವೆಂಬರ್‌ನಲ್ಲಿ ಅದರ ಆ್ಯಪ್ ಆ್ಯಪಲ್‌ನ ಅಂಗಡಿಯಿಂದ ಹೊರಬಿತ್ತು, ಮಕ್ಕಳ ಶೋಷಣೆಯ ಚಿತ್ರಗಳು ಸಿಕ್ಕಿದ್ದೇ ಕಾರಣ. ಡಿಸೆಂಬರ್ 3ರಂದು, ವಯಸ್ಕರ ಚಿತ್ರಗಳನ್ನೆಲ್ಲ 17ರಿಂದ ನಿಷೇಧಿಸುತ್ತೇವೆ ಅಂದರು. ಎರಡೇ ವಾರದ ಗಡುವು. ಯಂತ್ರ ಗುರುತು ಹಾಕಲು ಶುರು ಮಾಡಿತು, ಏನೂ ತಪ್ಪಿಲ್ಲದ ಚಿತ್ರಗಳಿಗೂ ಗುರುತು ಬಿತ್ತು. ನಮ್ಮ ಗುಂಪಿನ ಚಿತ್ರ ಬರೆಯುವವರು ಹೆಚ್ಚಾಗಿ ಅಲ್ಲೇ ಇದ್ದರು. ಅವರಿಗೂ ಸಾಗಾಟಕ್ಕೆ ನೆರವಾದೆ, ಆದರೆ ಲೈವ್‌ಜರ್ನಲ್‌ನ ಹಾಗೆ ಆಗಲಿಲ್ಲ. ತಮ್ಮ ಪೋಸ್ಟುಗಳನ್ನು ಜಿಪ್ ಮಾಡಿ ಇಳಿಸಿಕೊಳ್ಳಬಹುದಿತ್ತು. ಟಂಬ್ಲರ್‌ನಲ್ಲಿ ಮಾತುಕತೆ ನಡೆಯುವುದೇ ರೀಬ್ಲಾಗ್‌ಗಳಲ್ಲಿ, ಒಬ್ಬರ ಬ್ಲಾಗಿನಿಂದ ಇನ್ನೊಬ್ಬರ ಬ್ಲಾಗಿಗೆ ಹರಡಿಕೊಂಡು. ಅದನ್ನು ಕಿತ್ತು ಇನ್ನೊಂದು ಕಡೆ ನೆಡುವ ಹಾಗಿಲ್ಲ. ಪಿಲ್ಲೋಫೋರ್ಟ್ ಅನ್ನುವ ಇನ್ನೊಂದು ಬ್ಲಾಗ್ ತಾಣಕ್ಕೆ ಕೆಲವರು, ಟ್ವಿಟರ್‌ಗೆ ಹಲವರು, ಡ್ರೀಮ್‌ವಿಡ್ತ್‌ಗೆ ಕೆಲವರು, ಹೀಗೆ ಚೆದುರಿದರು. ಚಿತ್ರಗಳು ಉಳಿದವು. ಕೆಳಗಿನ ಮಾತುಗಳು ಹೋದವು. ಅದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಹಾಗಾಗಿ ಯಾವ ಹೊಸ ತಾಣ ಬಂದರೂ ನಾನು ಮೊದಲು ನೋಡುವುದು ಹೊರಗೆ ಹೋಗುವ ಬಾಗಿಲು. ನನ್ನ ಬರಹ ಇಳಿಸಿಕೊಳ್ಳಬಹುದಾ? ಅದರ ಕೆಳಗಿನ ಉತ್ತರಗಳೂ ಬರುತ್ತವಾ? ಕೋಡ್ ತೆರೆದಿದೆಯಾ? ತಾಣ ಯಾರ ದುಡ್ಡಿನಲ್ಲಿ ನಡೆಯುತ್ತಿದೆ? ಜಾಹೀರಾತಿನವರದ್ದಾದರೆ ಒಂದಲ್ಲ ಒಂದು ದಿನ ಅವರ ಮರ್ಜಿ ನಡೆಯುತ್ತದೆ. ನಿಯಮಗಳ ಪುಟವನ್ನು ಇದೆಲ್ಲ ಆದಮೇಲೆ ಓದುತ್ತೇನೆ, ಮಾಲೀಕರು ಬದಲಾದರೆ ಆ ಪುಟವೂ ಬದಲಾಗುತ್ತದಲ್ವಾ.

ಕನ್ನಡದಲ್ಲಿ ಬರೆಯಲು ಕಾರಣ ಇದೆ ಅಂದೆನಲ್ಲ. ನನ್ನ ಇಬ್ಬರು ಗೆಳತಿಯರು ಫೇಸ್‌ಬುಕ್‌ನಲ್ಲಿ ಒಂದು ಕನ್ನಡ ಕಥೆಗಳ ಗುಂಪು ನಡೆಸುತ್ತಾರೆ. ಧಾರಾವಾಹಿಯಾಗಿ ಕಥೆ ಬರುತ್ತದೆ, ಕೆಳಗೆ ಓದುಗರು ಮುಂದೇನಾಗಬೇಕು ಅಂತ ಹೊಡೆದಾಡುತ್ತಾರೆ, ಥೇಟ್ ನಮ್ಮ ಪ್ರಾಂಪ್ಟ್ ಪೋಸ್ಟ್ ಥರವೇ. ಅವರಿಗೆ ಬೇರೆ ಕಡೆ ಹೋಗುವ ಯೋಚನೆ ಬಂದು, ಹೇಗೆ ಮಾಡೋಣ ಅಂತ ನನ್ನನ್ನು ಕೇಳಿದರು. ಅಲ್ಲಿ ನಿಮ್ಮ ಖಾತೆಯ ಮಾಹಿತಿ ಇಳಿಸಿಕೊಂಡರೆ ನೀವು ಬರೆದಿದ್ದು ಬರುತ್ತದೆ, ಇಡೀ ಗುಂಪಿನ ಮಾತುಕತೆ ಬರುವುದಿಲ್ಲ. ಕೈಯಿಂದಲೇ ನಕಲು ಮಾಡಬೇಕು. ಈಗ ಅವರು ಬರೆದವರಿಗೆಲ್ಲ ಸಂದೇಶ ಕಳಿಸುತ್ತಿದ್ದಾರೆ, ನಾವು 2017ರಲ್ಲಿ ಬರೆದ ಪತ್ರವನ್ನೇ ಕನ್ನಡಕ್ಕೆ ತಕ್ಕ ಹಾಗೆ ತಿದ್ದಿಕೊಂಡಿದ್ದೇವೆ. ಒಪ್ಪಿಗೆ ಬಂದ ಕಥೆಗಳಲ್ಲಿ ಕಾಮೆಂಟು ಜಾಸ್ತಿ ಇರುವುದನ್ನು ಮೊದಲು ತೆಗೆದುಕೊಂಡು, ಕಾಮೆಂಟು ಹಾಕಿದವರನ್ನೂ ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋಗುತ್ತಿದ್ದಾರೆ. ಆ ಪತ್ರ ನಿಮಗೂ ಬೇಕಿದ್ದರೆ ಕೇಳಿ, ಕೊಡುತ್ತೇನೆ.